ಸೂಜಿಯ ಮೇಲೆ ಐದು ರೂಪಾಯಿ

"ಕೈ ತೆಗಿ ಶಫೀಕ್. ಈಗಲೇ ತೆಗಿ."

ಸೂಜಿ ರೆಕಾರ್ಡಿಗೆ ತಾಗಲು ಇನ್ನು ಕೂದಲೆಳೆಯಷ್ಟೇ ಬಾಕಿ. ಶಫೀಕ್ ಬೆಚ್ಚಿಬಿದ್ದು ಕೈ ಮೇಲೆತ್ತಿದ. ಚಪ್ಪಲಿಯನ್ನು ಬಾಗಿಲ ಹೊರಗೆ ಒದ್ದು ಬಂದ ಸ್ಮೃತಿ ಕೂತುಕೊಳ್ಳಿ ಅನ್ನಿಸಿಕೊಳ್ಳುವ ಪುರುಸೊತ್ತೂ ಇಲ್ಲದೆ ನೇರ ಪ್ಲೇಯರಿನ ಮೇಲೆ ಬಗ್ಗಿದಳು.

ಸೂಜಿ ಹೊತ್ತ ತೋಳಿನ ತುದಿಯಲ್ಲಿ, ಅಂಟುಟೇಪು ಸುತ್ತಿಸಿಕೊಂಡು, ಒಂದು ಐದು ರೂಪಾಯಿ ನಾಣ್ಯ ಕೂತಿತ್ತು.

"ಇದು ಎಂತ?"

"ಭಾರಕ್ಕೆ ಮೇಡಂ. ಸೂಜಿ ಇಟ್ಟ ಕೂಡಲೇ ಹೊರಗೆ ಜಾರಿ ಬೀಳ್ತದೆ. ಕೆಳಗಿನ ಮನೆ ಬೊನಿಫಾಸ್ ಅಂಕಲ್ ಹೇಳಿದ್ರು, ಅವರ ಕಾಲದಲ್ಲಿ ಹೀಗೇ ಮಾಡ್ತಿದ್ರಂತೆ."

"ನಾಣ್ಯ ಇಟ್ಟು ಎಷ್ಟು ಸಲ ಹಾಕಿದ್ದಿ?"

"ಮೂರು. ಇದು ನಾಲ್ಕನೆಯದ್ದು."

ಸ್ಮೃತಿ ಉಗುರಿನಿಂದ ಟೇಪನ್ನು ಮೆಲ್ಲಗೆ ಬಿಡಿಸಿ ನಾಣ್ಯವನ್ನು ಅವನ ಅಂಗೈಗೆ ಹಾಕಿದಳು. ಬೈಯಬೇಕೆಂದು ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡಳು. ಮೂವತ್ತು ದಾಟಿದ ಗಂಡಸು, ದುಬೈಯಲ್ಲಿ ಹತ್ತು ವರ್ಷ ಮೊಬೈಲ್ ಅಂಗಡಿ ನಡೆಸಿದವನು, ತಾಯಿಗೆ ಅಜ್ಜನ ಸ್ವರ ಕೇಳಿಸಲಿಕ್ಕೆಂದು ಹೊಸ ಪ್ಲೇಯರ್ ತರಿಸಿ ಅದರ ಪುಸ್ತಕವನ್ನು ಪೆಟ್ಟಿಗೆಯಲ್ಲೇ ಬಿಟ್ಟಿದ್ದ. ಯಂತ್ರ ಗೊತ್ತಿದ್ದವರು ಪುಸ್ತಕ ಓದುವುದಿಲ್ಲ. ಬೈಕಂಪಾಡಿಯಲ್ಲಿ ಸುಟ್ಟ ಗೋದಾಮುಗಳ ಬೂದಿ ಕೆದಕಿ, ಬೆಂಕಿ ತಾನಾಗಿ ಬಂತೋ ಯಾರಾದರೂ ಕರೆದು ತಂದರೋ ಎಂದು ವಿಮಾ ಕಂಪನಿಗಳಿಗೆ ವರದಿ ಬರೆಯುವ ಸ್ಮೃತಿಗೆ ಈ ಜಾತಿಯ ಜನ ಹೊಸಬರಲ್ಲ.

ಶಫೀಕ್ ಕೇಳಿಕೊಂಡನೆಂದು, ರೆಕಾರ್ಡ್ ತೊಳೆದುಕೊಟ್ಟ ಬೋಳಾರದ ವಿಠಲ ಮಾಸ್ಟ್ರನ್ನು ವಿಚಾರಿಸಲು ಮೊನ್ನೆ ಹೋಗಿ, ಮುಖಕ್ಕೇ ಬಾಗಿಲು ಹಾಕಿಸಿಕೊಂಡ ಮೇಲೆ ಅವಳು ಫಳ್ನೀರಿನ ಈ ನಾಲ್ಕನೇ ಮಾಳಿಗೆಗೆ ಬಂದದ್ದು ಇವತ್ತೇ.

ಕಿಟಕಿಯ ಪಕ್ಕ ಝೈನಬಕ್ಕ ಕೂತಿದ್ದಳು. ಶಫೀಕನ ತಾಯಿ, ಅರುವತ್ತಮೂರು ವರ್ಷ. ಅವಳಿಗೆ ಏಳು ವರ್ಷವಾದಾಗ, ಅರುವತ್ತೊಂಬತ್ತರ ಮೇ ತಿಂಗಳಲ್ಲಿ, ಹೆಂಚು ಹೇರಿಕೊಂಡು ಹೋದ ಮಂಜಿ ಹಡಗು ಕಡಲಲ್ಲಿ ಮುಳುಗಿ ತಂದೆ ಕಾಸಿಂ ಹೋದರು. ಹೆಣ ಸಿಗಲಿಲ್ಲ. ಮನೆಯಲ್ಲಿ ಒಂದು ಫೋಟೋ ಕೂಡ ಇರಲಿಲ್ಲ. ಹೋದ ವರ್ಷ ತಾಯಿ ನುಸೈಬಾ ತೀರಿಕೊಂಡ ಮೇಲೆ ಅವರ ತಗಡಿನ ಪೆಟ್ಟಿಗೆ ತೆರೆದರೆ, ಮದುವೆಯ ಸೀರೆಯ ಅಡಿಯಲ್ಲಿ ಕಂದು ಲಕೋಟೆ, ಅದರೊಳಗೆ ಕಪ್ಪು ರೆಕಾರ್ಡ್. ಮೇಲೆ ಶಾಯಿಯಲ್ಲಿ 'ಕಾಸಿಂ' ಎಂಬ ಒಂದೇ ಶಬ್ದ. ಸಮುದ್ರಕ್ಕೆ ಹೋಗುವ ಮೊದಲು ಬೊಂಬಾಯಿಯಲ್ಲಿ ಯಾವುದೋ ಸ್ಟುಡಿಯೋದಲ್ಲಿ ಮಾತಾಡಿ ತಂದದ್ದಿರಬೇಕು ಎಂದು ಎಲ್ಲರೂ ಎಣಿಸಿದರು.

ಅದು ಬಿಳಿ ಪುಡಿ ಹಿಡಿದಿತ್ತು. ಊರಲ್ಲಿ ಅಂಥದ್ದನ್ನು ತೊಳೆಯಬಲ್ಲವರು ವಿಠಲ ಮಾಸ್ಟ್ರೊಬ್ಬರೇ. ಮಂಗಳಾದೇವಿಯ ಹತ್ತಿರದ ಅರ್ಚಕರ ಮನೆ, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು, ಹಳೆಯ ಪ್ಲೇಯರುಗಳ ರಿಪೇರಿ ಅವರ ಹುಚ್ಚು. ಹನ್ನೊಂದು ದಿನ ಇಟ್ಟುಕೊಂಡು, "ಶುದ್ಧವಾಗಿದೆ, ಸ್ವರ ಉಂಟು" ಎಂದು ಫೋನ್ ಮಾಡಿದರು. ಮನೆಗೆ ತಂದು ಹಾಕಿದರೆ ಕರಕರ ಬಿಟ್ಟು ಬೇರೆ ಸದ್ದಿಲ್ಲ.

"ಮಾಸ್ಟ್ರ ಮನೆಯಲ್ಲಿ ಗೋಡೆ ತುಂಬ ರೆಕಾರ್ಡ್ ಉಂಟು. ನಮ್ಮದು ಒಳಗಿಟ್ಟುಕೊಂಡು ಖಾಲಿಯದ್ದು ಕೊಟ್ಟಿದ್ದಾರೆ," ಎಂದರು ಶಾಹುಲ್ ಕಾಕ. ಕಾಸಿಮರ ತಮ್ಮ, ಎಂಬತ್ತೊಂದು ವರ್ಷ. ಅದೇ ಮಂಜಿಯಲ್ಲಿದ್ದು ಈಜಿ ಪಾರಾಗಿ, ಮುಳುಗಿದ ಸುದ್ದಿಯನ್ನು ಮನೆಗೆ ತಂದವರು. ಅಣ್ಣನ ಸಂಸಾರವನ್ನು ಸಾಕಿ, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿಸಿದವರೂ ಅವರೇ. ಅವರ ಮಾತಿಗೆ ಈ ಮನೆಯಲ್ಲಿ ಎದುರಿಲ್ಲ. "ಐದು ಗಂಟೆಗೆ ಪೊಲೀಸ್ ಸ್ಟೇಷನ್ನಿಗೆ ಹೋಗುವುದು. ಆ ತಟ್ಟೆಯನ್ನು ಬಿಡಿ ನೀವು, ಮನುಷ್ಯನನ್ನು ಹಿಡಿಯಿರಿ."

ಗಡಿಯಾರದಲ್ಲಿ ಮೂರೂಕಾಲು.

"ಶಫೀಕ್, ಪೆಟ್ಟಿಗೆ ತೆರೆದ ದಿನ ಮೊಬೈಲಲ್ಲಿ ಫೋಟೋ ತೆಗೆದಿದ್ದಿ ಅಲ್ವಾ? ತೋರಿಸು."

ತೆಗೆಯದೆ ಇರುತ್ತಾನಾ. ಇಪ್ಪತ್ತೆರಡು ಫೋಟೋ ಇತ್ತು. ಸ್ಮೃತಿ ಒಂದನ್ನು ಹಿಗ್ಗಿಸಿದಳು. ರೆಕಾರ್ಡಿನ ನಡು ತೂತಿನ ಪಕ್ಕ ಕಪ್ಪು ಲೇಪ ಎದ್ದು ಒಳಗಿನ ಅಲ್ಯೂಮಿನಿಯಂ ಕಾಣುತ್ತಿತ್ತು, ಒಂದು ಅಕ್ಕಿಕಾಳಿನಷ್ಟು, ಕೆಳತುದಿ ಸೀಳು. ಅವಳು ಪ್ಲೇಯರಿನ ಮೇಲಿದ್ದ ರೆಕಾರ್ಡಿಗೆ ಟಾರ್ಚ್ ಬಿಟ್ಟಳು. ಅದೇ ಅಕ್ಕಿಕಾಳು, ಅದೇ ಸೀಳು.

"ಇದು ನಿಮ್ಮದೇ. ಯಾರೂ ಬದಲಿಸಲಿಲ್ಲ."

ಝೈನಬಕ್ಕ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಹಾಗಾದ್ರೆ ಮಾಸ್ಟ್ರು ಕದ್ದದ್ದಲ್ಲ?"

"ಕದ್ದದ್ದಲ್ಲ."

"ಅಳಿಸಿದ್ದಾರೆ," ಎಂದರು ಶಾಹುಲ್ ಕಾಕ.

"ಅಳಿಸಲಿಕ್ಕೆ ಇದು ಕ್ಯಾಸೆಟ್ ಅಲ್ಲ ಕಾಕ. ಸ್ವರ ಇದರಲ್ಲಿ ಕೊರೆದು ಕೂತದ್ದು. ಗೀರು ಇರುವವರೆಗೆ ಸ್ವರ ಇರ್ತದೆ."

ಅಷ್ಟರಲ್ಲಿ ನಜ್ಲಾ ಚಹಾ ತಂದಳು. ಝೈನಬಕ್ಕನ ತಂಗಿ. ಮಂಜಿ ಮುಳುಗಿದ ಏಳು ತಿಂಗಳಿಗೆ ಹುಟ್ಟಿದವಳು. "ನೀವೆಲ್ಲ ಕೇಳಿ," ಅಂದಳು, ಲೋಟ ಇಡುತ್ತ. "ನನಗೆ ಅದರಲ್ಲಿ ಎಂತ ಉಂಟು? ಬಾಪ ಹೋಗುವಾಗ ನಾನು ಇರಲೇ ಇಲ್ಲ." ನಗುತ್ತಲೇ ಹೇಳಿದಳು. ಐವತ್ತೈದು ವರ್ಷ ಅಭ್ಯಾಸವಾದ ನಗು ಅದು, ಕೇಳಿದವರಿಗೇ ಸಂಕಟವಾಗುತ್ತಿತ್ತು.

ಸ್ಮೃತಿ ಚಹಾ ಮುಟ್ಟಲಿಲ್ಲ. "ರೆಕಾರ್ಡ್ ತರ್ಲಿಕ್ಕೆ ಬೋಳಾರಕ್ಕೆ ಹೋದದ್ದು ಯಾರು?"

"ನಾನೇ," ಎಂದ ಶಫೀಕ್. "ಕಳೆದ ಶನಿವಾರ ಬೆಳಿಗ್ಗೆ, ಒಂಬತ್ತೂವರೆಗೆ."

"ಮಾಸ್ಟ್ರು ಎಂತ ಹೇಳಿದ್ರು?"

"ಎಂತದೂ ಹೇಳ್ಲಿಲ್ಲ. ಬಾಯಿ ಬಿಡ್ಲಿಲ್ಲ. ಜಂಬ ಅಂತ ಎಣಿಸಿದೆ."

ಸ್ಮೃತಿಗೆ ನಗು ಬಂತು, ತಡೆದುಕೊಂಡಳು. ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಕಂಡದ್ದು ನೆನಪಾಯಿತು. ಕಳೆದ ಶನಿವಾರ ಏಕಾದಶಿ. ಅವಳ ಅಜ್ಜಯ್ಯನೂ ಹಾಗೆಯೇ. ಏಕಾದಶಿಯೆಂದರೆ ತೀರ್ಥ ಬಿಟ್ಟರೆ ಹೊಟ್ಟೆಗೆ ಏನಿಲ್ಲ, ಮಧ್ಯಾಹ್ನದವರೆಗೆ ಮಾತೂ ಇಲ್ಲ. ಮನೆಗೆ ಬೆಂಕಿ ಬಿದ್ದರೂ ಕೈಸನ್ನೆಯಲ್ಲೇ ನೀರು ಕೇಳುವ ಜಾತಿ.

ಅವಳು ಮಾಸ್ಟ್ರಿಗೆ ಫೋನ್ ಹಚ್ಚಿದಳು. ಎತ್ತಲಿಲ್ಲ. ಮತ್ತೆ ಹಚ್ಚಿದಳು, ಕಟ್ ಮಾಡಿದರು. ನಾಣ್ಯವನ್ನು ಶಫೀಕನ ಕೈಯಿಂದ ತೆಗೆದು ತೋಳಿನ ಪಕ್ಕ ಹಿಡಿದು ಒಂದು ಫೋಟೋ ಹೊಡೆದು, ನಾಣ್ಯವನ್ನು ಅವನಿಗೇ ಕೊಟ್ಟು, ಫೋಟೋವನ್ನು ಮಾಸ್ಟ್ರಿಗೆ ಕಳಿಸಿದಳು. ಕೆಳಗೆ ಬರೆದಳು: 'ಮಾಸ್ಟ್ರೇ, ಇವರು ಸೂಜಿಯ ಮೇಲೆ ಇದನ್ನು ಇಟ್ಟಿದ್ದಾರೆ.'

ಹದಿನೆಂಟು ನಿಮಿಷಕ್ಕೆ ಕರೆಗಂಟೆ ಸದ್ದಾಯಿತು. ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ, ಹೆಗಲಲ್ಲಿ ಬಟ್ಟೆಯ ಚೀಲ, ಲಿಫ್ಟಿಗೂ ಕಾಯದೆ ನಾಲ್ಕು ಮಾಳಿಗೆ ಹತ್ತಿ ಬಂದ ವಿಠಲ ಮಾಸ್ಟ್ರು ಬಾಗಿಲಲ್ಲಿ ಏದುಸಿರು ಬಿಡುತ್ತಿದ್ದರು. ಮಾನ ಕಳೆದವರ ಮನೆಗೆ ಕಾಲಿಡುವುದಿಲ್ಲ ಅಂದಿದ್ದ ಮನುಷ್ಯ. ರೆಕಾರ್ಡಿಗೆ ನೋವಾಗಿದೆ ಎಂದಾಗ ಆ ಶಪಥ ಎಲ್ಲಿ ಬಿತ್ತೋ ಅವರಿಗೇ ಗೊತ್ತಿರಲಿಲ್ಲ.

ಅವರು ನೇರ ಪ್ಲೇಯರಿನ ಹತ್ತಿರ ಹೋದರು. ಚೀಲದಿಂದ ಭೂತಗನ್ನಡಿ ತೆಗೆದು ರೆಕಾರ್ಡಿನ ಮೇಲೆ ಬಗ್ಗಿದರು.

"ಹೊರಗಿನ ಅಂಚು ಉತ್ತು ಹೋಗಿದೆ," ಎಂದರು ಸ್ಮೃತಿಗೆ, ತುಳುವಿನಲ್ಲಿ. "ಅರ್ಧ ನೂಲಿನಷ್ಟು. ಒಳಗೆಲ್ಲ ಸರಿ ಉಂಟು."

ತುಳು ಝೈನಬಕ್ಕನಿಗೂ ಬರುತ್ತದಲ್ಲ. "ಒಳಗೆ ಉಂಟಾ ಮಾಸ್ಟ್ರೇ? ಬಾಪನ ಸ್ವರ ಉಂಟಾ?"

"ಉಂಟಮ್ಮ. ನಾನು ಅಂಚಿನವರೆಗೂ ಒಂದು ಸಲ ಕೇಳಿದ್ದೇನೆ."

ಝೈನಬಕ್ಕ ಕುರ್ಚಿ ಇದ್ದರೂ ನೆಲದಲ್ಲೇ ಕೂತಳು. ಶನಿವಾರದಿಂದ ತಡೆದಿಟ್ಟದ್ದು ಕಣ್ಣೀರಾಗಿ ಇಳಿಯಿತು. ನಜ್ಲಾ ಅಕ್ಕನ ಬೆನ್ನು ಸವರಿದಳು. ಸ್ಮೃತಿಗೂ ಮನಸ್ಸು ಹಗುರವಾಯಿತು. ಬೂದಿ ಕೆದಕುವ ಕೆಲಸದಲ್ಲಿ ಹೀಗೆ ಏನಾದರೂ ಉಳಿದಿದೆ ಎಂದು ಹೇಳುವ ಯೋಗ ಅವಳಿಗೆ ಬರುವುದೇ ಅಪರೂಪ.

"ಉಂಟಾದ್ರೆ ಕೇಳುವುದಿಲ್ಲ ಯಾಕೆ?" ಶಾಹುಲ್ ಕಾಕ ಊರುಗೋಲನ್ನು ನೆಲಕ್ಕೆ ಕುಟ್ಟಿದರು. "ನಮ್ಮ ಮಗನಿಗೆ ಹಾಕ್ಲಿಕ್ಕೆ ಹೇಳಿ ಕೊಡ್ಲಿಲ್ಲ ಯಾಕೆ?"

ಮಾಸ್ಟ್ರ ಮುಖ ಕೆಂಪಾಯಿತು. "ಹೇಳಿದ್ದೇನೆ ಸಾಹೇಬ್ರೇ. ಮೂರು ಸಲ ಹೇಳಿದ್ದೇನೆ. ಹೇಳಿದ್ದನ್ನು ಬಿಟ್ಟು ಹಾಳುಮಾಡಿ, ಮತ್ತೆ ನನಗೇ ಫೋನ್ ಮಾಡಿ ಕಳ್ಳ ಅಂದ್ರು."

"ಸುಳ್ಳು," ಅಂದ ಶಫೀಕ್. "ಇವರು ಬಾಯೇ ಬಿಡ್ಲಿಲ್ಲ."

"ಬಾಯಿ ಬಿಟ್ಟೆ ಅಂತ ನಾನು ಹೇಳ್ಲಿಲ್ಲ."

ಸ್ಮೃತಿ ನಡುವೆ ಬಂದಳು. "ಶಫೀಕ್, ಕೊಡುವಾಗ ಮಾಸ್ಟ್ರು ಕೈಯಲ್ಲಿ ಏನಾದರೂ ಮಾಡಿದ್ರಾ? ನೆನಪು ಮಾಡಿಕೋ."

ಶಫೀಕ್ ಸ್ವಲ್ಪ ನಾಚಿಕೊಂಡ. "ಮಾಡಿದ್ರು. ಅದು... ಅವರ ಪೂಜೆಯದ್ದು ಎಂತದ್ದೋ. ನಾನು ಕೇಳ್ಲಿಲ್ಲ."

"ಮಾಡಿ ತೋರಿಸು."

ಅವನು ರೆಕಾರ್ಡಿನ ಮೇಲೆ ತೋರುಬೆರಳು ಹಿಡಿದ. ನಡು ತೂತಿನ ಹತ್ತಿರ ಶುರು ಮಾಡಿ, ಸುತ್ತು ದೊಡ್ಡದಾಗುತ್ತ ದೊಡ್ಡದಾಗುತ್ತ, ಅಂಚಿಗೆ ತಂದು ಬಿಟ್ಟ. "ಹೀಗೆ ಮೂರು ಸಲ. ಮೈ ಒದ್ದೆ ಇತ್ತು, ಹಣೆಯಲ್ಲಿ ನಾಮ ಇತ್ತು. ಅಜ್ಜನ ರೆಕಾರ್ಡಿಗೆ ಒಳ್ಳೆಯದಾಗಲಿ ಅಂತ ಮಂತ್ರ ಹಾಕ್ತಿದ್ದಾರೆ ಅಂತ ಎಣಿಸಿದೆ. ಮರ್ಯಾದೆಗೆ ನಾನೂ ತಲೆ ತಗ್ಗಿಸಿ ನಿಂತೆ."

ಮಾಸ್ಟ್ರು ಅವನನ್ನೇ ನೋಡಿದರು. "ಮಂತ್ರವಾ?"

"ಮತ್ತೆ ಎಂತ ಅದು?"

"ಅದು ಒಳಗಿನಿಂದ ಹೊರಗೆ ಹೋಗುವ ರೆಕಾರ್ಡ್ ಮಾರಾಯ. ಅಂಗಡಿಯದ್ದಲ್ಲ, ಸ್ಟುಡಿಯೋದಲ್ಲಿ ಅಲ್ಲೇ ಕೊರೆದು ಕೊಟ್ಟದ್ದು. ಅಂಥದ್ದರಲ್ಲಿ ಕೆಲವು ನಡುವಿನಿಂದ ಶುರುವಾಗಿ ಅಂಚಿನಲ್ಲಿ ಮುಗಿಯುತ್ತವೆ. ನೀನು ಮುಗಿಯುವಲ್ಲಿ ಸೂಜಿ ಇಟ್ಟರೆ ಅದು ಹೊರಗೆ ಬೀಳದೆ ಎಂತ ಮಾಡ್ತದೆ? ನೀನು ತಲೆ ತಗ್ಗಿಸಿದೆ, ಹುಡುಗನಿಗೆ ಅರ್ಥ ಆಯ್ತು ಅಂತ ನಾನು ಒಳಗೆ ಹೋದೆ."

ಮೊದಲು ನಕ್ಕದ್ದು ನಜ್ಲಾ. ಆಮೇಲೆ ಝೈನಬಕ್ಕ, ಕಣ್ಣೀರಿನ ನಡುವೆಯೇ. "ನಮ್ಮ ಅರಬ್ಬಿ ಕಿತಾಬು ಕೂಡ ಬಲಗಡೆಯಿಂದಲೇ ತೆರೆಯುವುದಲ್ವಾ," ಎಂದಳು ಸೆರಗಿನಲ್ಲಿ ಮುಖ ಒರೆಸುತ್ತ. "ನಮಗೇ ಹೊಳೆಯಲಿಲ್ಲ ನೋಡಿ."

ಶಫೀಕ್ ಎರಡು ಹೆಜ್ಜೆ ಮುಂದೆ ಬಂದು ಮಾಸ್ಟ್ರ ಕೈ ಹಿಡಿದುಕೊಂಡ. "ತಪ್ಪಾಯ್ತು ಮಾಸ್ಟ್ರೇ. ಫೋನಲ್ಲಿ ಹಾಗೆ ಹೇಳ್ಬಾರ್ದಿತ್ತು."

ಮಾಸ್ಟ್ರು ಕೈ ಬಿಡಿಸಿಕೊಳ್ಳಲಿಲ್ಲ. ಅವರ ಕಣ್ಣೂ ಸ್ವಲ್ಪ ಹನಿದಿತ್ತು. "ಆಯ್ತು. ತಪ್ಪು ನನ್ನದೂ ಉಂಟು. ಒಂದು ಚೀಟಿ ಬರೆದು ಕೊಟ್ಟಿದ್ದರೆ ನನ್ನ ಮೌನ ಏನೂ ಮುರಿಯುತ್ತಿರಲಿಲ್ಲ. ಈಗ ಕಲಿಯುವುದಾದ್ರೆ ಸರಿ ಕಲಿ. ಬಾ."

ಕಳ್ಳನ ಪಟ್ಟ ಇಳಿದ ಮೇಲೆ ಮೇಷ್ಟ್ರುತನ ಏರಲು ಎಷ್ಟು ಹೊತ್ತು ಬೇಕು. ಚೀಲದಿಂದ ಗಾರೆಯವರ ರಸಮಟ್ಟ ಹೊರಬಂತು. ಪ್ಲೇಯರಿನ ಮೇಲೆ ಇಟ್ಟರೆ ಗುಳ್ಳೆ ಒಂದು ಬದಿಗೆ ಓಡಿತು. ಮೇಜಿನ ಕಾಲಿನಡಿ ಮಡಚಿದ ಕಾಗದ ಸಿಕ್ಕಿಸಿ, ಗುಳ್ಳೆ ನಡುವೆ ನಿಲ್ಲುವವರೆಗೆ ಶಫೀಕನನ್ನು ಬಗ್ಗಿಸಿದರು.

"ಈಗ ತೋಳು. ಹಿಂದೆ ಒಂದು ಗುಂಡು ತೂಕ ಉಂಟಲ್ಲ, ಅದನ್ನು ತಿರುಗಿಸು. ಸೂಜಿ ಮೇಲೂ ಹೋಗಬಾರ್ದು, ಕೆಳಗೂ ಬರಬಾರ್ದು. ಗಾಳಿಯಲ್ಲಿ ನಿಲ್ಬೇಕು."

ಶಫೀಕ್ ನಾಲಗೆ ಕಚ್ಚಿಕೊಂಡು ತಿರುಗಿಸಿದ. ತೋಳು ಒಮ್ಮೆ ಮುಗ್ಗರಿಸಿತು, ಒಮ್ಮೆ ಎದ್ದಿತು, ಕೊನೆಗೆ ನಡುಗುತ್ತ ಸಮಕ್ಕೆ ನಿಂತಿತು.

"ಅದು ಸೊನ್ನೆ. ಇನ್ನು ಒಂದೂಮುಕ್ಕಾಲು ಗ್ರಾಮ್ ಕೊಡು. ನೀನು ಇಟ್ಟ ನಾಣ್ಯ ಆರು ಗ್ರಾಮಿಗಿಂತ ಹೆಚ್ಚು ಉಂಟು. ಸೂಜಿ ಓದಬೇಕಾದ್ದು, ಉಳಬೇಕಾದ್ದಲ್ಲ."

ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆಯುವುದನ್ನೂ, ರೆಕಾರ್ಡನ್ನು ಅಂಚು ಮತ್ತು ನಡು ಮಾತ್ರ ಮುಟ್ಟಿ ಎತ್ತುವುದನ್ನೂ ಕಲಿಸಿದರು. ಶಾಹುಲ್ ಕಾಕ ಈಗ ಎದ್ದು ನಿಂತರು.

"ಇವತ್ತು ಬೇಡ ಮಗಳೇ. ನೀನು ಅತ್ತು ಬಳಲಿದ್ದೀ. ನಾಳೆ ನೋಡುವ."

"ಐವತ್ತಾರು ವರ್ಷ ಆಯ್ತು ಕಾಕ," ಎಂದಳು ಝೈನಬಕ್ಕ. "ನಾಳೆ ಯಾಕೆ?"

ಕಾಕ ಮತ್ತೆ ಕೂತರು. ಮಾಸ್ಟ್ರ ಮೇಲಿನ ಕೋಪ ಇಳಿದ ಮೇಲೂ ಅವರ ಮುಖದಲ್ಲಿ ಸಮಾಧಾನ ಇರಲಿಲ್ಲ ಎಂಬುದು ಸ್ಮೃತಿಯ ಕಣ್ಣಿಗೆ ಬಿತ್ತು. ವಯಸ್ಸಾದವರು, ಅಣ್ಣನ ಸ್ವರ ಕೇಳುವ ಹೆದರಿಕೆ ಇರಬಹುದು ಎಂದು ಬಿಟ್ಟಳು.

"ಮಾಸ್ಟ್ರೇ, ನೀವು ಇದರ ನಕಲು ಮಾಡಿಟ್ಟಿದ್ದೀರಾ?"

"ಇನ್ನೊಬ್ಬರ ಮನೆಯ ಮಾತು. ಕೇಳದೆ ಹೇಗೆ ಮಾಡುವುದು? ಸರಿಯಾಯಿತಾ ಎಂದು ಒಂದು ಸಲ ಕೇಳಿದ್ದೇ ಹೆಚ್ಚು." ಅವರು ಶಾಹುಲ್ ಕಾಕನತ್ತ ಒಮ್ಮೆ ನೋಡಿ ದೃಷ್ಟಿ ತಿರುಗಿಸಿದರು. "ಒಂದೇ ಸಲ ಹಾಕುವುದು. ಈ ಲೇಪ ಮೆತ್ತಗೆ, ಹಾಕಿದಷ್ಟೂ ಸವೆಯುತ್ತದೆ. ಮೊಬೈಲಲ್ಲಿ ಹಿಡಿದುಕೊಳ್ಳಿ."

ಸ್ಮೃತಿ ಮೊಬೈಲನ್ನು ಸ್ಪೀಕರಿನ ಮುಂದೆ ಇಟ್ಟಳು. ಶಫೀಕ್ ತೋಳನ್ನು ನಡು ತೂತಿನ ಹತ್ತಿರ ತಂದು, ಈ ಸಲ ಬೆರಳಿನಿಂದಲ್ಲ, ಪಕ್ಕದ ಸಣ್ಣ ಹಿಡಿಯಿಂದ ಮೆಲ್ಲಗೆ ಇಳಿಸಿದ.

ಮೊದಲು ಮಳೆ ಹನಿದಂಥ ಸದ್ದು. ಮತ್ತೆ ಒಂದು ಕೆಮ್ಮು.

"ನುಸೈಬಾ, ಕೇಳಿಸ್ತಾ ಉಂಟಾ? ಇಲ್ಲಿಯವರು ಗಾಜಿನ ಆಚೆಯಿಂದ ಮಾತಾಡು, ಮಾತಾಡು ಅಂತ ಕೈ ಮಾಡ್ತಿದ್ದಾರೆ. ಎಂತ ಮಾತಾಡುವುದು?"

ಈ ಮನೆಯ ಬ್ಯಾರಿ ಭಾಷೆ, ಎಳೆಯ ಸ್ವರ. ಝೈನಬಕ್ಕನ ಮಗನಿಗಿಂತ ಸ್ವಲ್ಪವೇ ಹಿರಿಯನೊಬ್ಬ ಸ್ಪೀಕರಿನಿಂದ ನಾಚಿಕೊಂಡು ನಗುತ್ತಿದ್ದ. ಝೈನಬಕ್ಕ ಕಣ್ಣು ಮುಚ್ಚಿದಳು.

"ಝೈನಬ್, ಬಿದ್ದ ಹಲ್ಲನ್ನು ದಿಂಬಿನಡಿ ಇಟ್ಟು ಮಲಗ್ಬೇಡ. ಹೆಂಚಿನ ಮಾಡಿಗೆ ಬಿಸಾಡು."

ಅರುವತ್ತಮೂರರ ಹೆಂಗಸು ಬೆರಳನ್ನು ತುಟಿಗೆ ಇಟ್ಟುಕೊಂಡು ಬಿಕ್ಕಿದಳು. ಅದು ದುಃಖವಲ್ಲ, ದುಃಖ ಮುಗಿದದ್ದು. ನಜ್ಲಾ ಅಕ್ಕನ ಕೈ ಹಿಡಿದು ಪಕ್ಕದಲ್ಲಿ ಕೂತಿದ್ದಳು, ಇನ್ನೊಬ್ಬರ ಹಬ್ಬಕ್ಕೆ ಬಂದವರು ಕೂರುವಂತೆ.

"ಸಣ್ಣವಳಿಗೆ ನಜ್ಲಾ ಅಂತ ಹೆಸರಿಟ್ಟದ್ದು ನನಗೆ ಬಹಳ ಖುಷಿ ಆಯ್ತು, ನುಸೈಬಾ. ಕಣ್ಣು ದೊಡ್ಡದು ಅಂತ ಹೇಳಿದ್ರು. ನನ್ನ ಲೆಕ್ಕದಲ್ಲಿ ಒಂದು ಮುತ್ತು ಕೊಡು ಅವಳಿಗೆ."

ಫ್ಯಾನಿನ ಸದ್ದು ಒಮ್ಮೆಲೇ ದೊಡ್ಡದಾಗಿ ಕೇಳಿಸಿತು.

ನಜ್ಲಾ ಅಕ್ಕನ ಕೈ ಬಿಟ್ಟಳು. "ನನ್ನ ಹೆಸರು," ಅಂದಳು. "ಬಾಪ ನನ್ನ ಹೆಸರು ಹೇಳಿದ್ರಾ?"

ಸ್ಮೃತಿ ತಿಂಗಳು ಎಣಿಸಿದಳು. ಮಂಜಿ ಮುಳುಗಿದ್ದು ಮೇ. ನಜ್ಲಾ ಹುಟ್ಟಿದ್ದು ಡಿಸೆಂಬರ್. ಸತ್ತವರು ಏಳು ತಿಂಗಳು ಕಳೆದು ಸ್ಟುಡಿಯೋಕ್ಕೆ ಹೋಗಿ ಮಗಳ ಹೆಸರು ಹೇಳುವುದಿಲ್ಲ. ಅದನ್ನು ಝೈನಬಕ್ಕನೂ ಎಣಿಸಿ ಮುಗಿಸಿದ್ದಳು. "ಬಾಪ ಮುಳುಗ್ಲಿಲ್ಲ," ಎಂದಳು, ಸ್ವರವೇ ಇಲ್ಲದೆ. ಅವಳ ಮುಖದಲ್ಲಿ ಆಗ ಕಂಡದ್ದು ಗಾಬರಿಯಲ್ಲ. ನೀರಿನಡಿಯಲ್ಲಿ ಒಬ್ಬಂಟಿಯಾಗಿ ಬಿದ್ದ ತಂದೆಯನ್ನು ಜೀವಮಾನವೆಲ್ಲ ಕನಸಿನಲ್ಲಿ ಕಂಡವಳಿಗೆ ಆ ಕನಸು ಸುಳ್ಳೆಂದು ಗೊತ್ತಾಗಿತ್ತು.

ಸೂಜಿ ಅಂಚಿನ ಹತ್ತಿರ ಬರುತ್ತಿತ್ತು.

"ಈ ರೆಕಾರ್ಡನ್ನು ಶಾಹುಲನ ಕೈಯಲ್ಲೇ ಕಳಿಸ್ತಿದ್ದೇನೆ. ಅವನಿಗೆ ಎಲ್ಲ ಗೊತ್ತುಂಟು. ಮಕ್ಕಳು ದೊಡ್ಡವರಾದ ಮೇಲೆ ನೀನೇ ಅವರಿಗೆ ಹೇಳ್ಬೇಕು ನುಸೈಬಾ. ನಾನು ಊರಿಗೆ ಕಾಲಿಡದ ಕಾರಣ, ಅವತ್ತು ಮಂಜಿಯಲ್ಲಿ—"

ಕರಕರ. ಕರಕರ. ಕರಕರ ಸದ್ದಿನ ಅಡಿಯಲ್ಲಿ ಸ್ವರ ಇತ್ತು, ಮಾತು ಇರಲಿಲ್ಲ. ಸೂಜಿ ಅಂಚು ದಾಟಿ ಜಾರಿತು. ಮಾಸ್ಟ್ರು ತೋಳನ್ನು ಎತ್ತಿ ಅದರ ಕೊಕ್ಕೆಗೆ ಸೇರಿಸಿದರು.

ಅರ್ಧ ನೂಲು. ಶಫೀಕ್ ಜೇಬಿನಿಂದ ಐದು ರೂಪಾಯಿಯನ್ನು ತೆಗೆದು ನೋಡಿದ, ಮತ್ತೆ ಮುಷ್ಟಿ ಮುಚ್ಚಿದ.

ಮನೆಯವರೆಲ್ಲರ ಕಣ್ಣು ಶಾಹುಲ್ ಕಾಕನ ಮೇಲೆ ಹೋಯಿತು. ಸ್ಮೃತಿ ಮಾತ್ರ ವಿಠಲ ಮಾಸ್ಟ್ರ ಕಡೆ ತಿರುಗಿದಳು. ಅಂಚಿನವರೆಗೂ ಒಂದು ಸಲ ಕೇಳಿದ್ದೇನೆ ಎಂದಿದ್ದರು. ಬೋಳಾರದಲ್ಲಿ ಹುಟ್ಟಿ ಬೆಳೆದವರಿಗೆ ಬ್ಯಾರಿ ಭಾಷೆ ಕಲಿಸಿಕೊಡಬೇಕಾಗಿಲ್ಲ. ಮೊನ್ನೆ ಅವರು ಬಾಗಿಲು ಹಾಕಿಕೊಂಡದ್ದು ಬರೀ ಅವಮಾನಕ್ಕಲ್ಲ ಎಂದು ಅವಳಿಗೆ ಈಗ ತಿಳಿಯಿತು.

ಮಾಸ್ಟ್ರು ಭೂತಗನ್ನಡಿಯನ್ನು ಚೀಲಕ್ಕೆ ಹಾಕಿ, ಚೀಲದ ಬಾಯಿ ಕಟ್ಟುತ್ತಿದ್ದರು. ಗಂಟು ಸರಿ ಬೀಳುತ್ತಿರಲಿಲ್ಲ.

ಗೋಡೆಯ ಗಡಿಯಾರ ಐದು ಬಾರಿಸಿತು. ಮಾಸ್ಟ್ರ ಮೇಲೆ ಸ್ಟೇಷನ್ನಿನಲ್ಲಿ ದೂರು ಕೊಡಲು ಶಾಹುಲ್ ಕಾಕ ಇಟ್ಟಿದ್ದ ಹೊತ್ತು. ಕಾಕ ಎದ್ದರು, ಊರುಗೋಲು ಕೈಯಿಂದ ಬಿದ್ದರೂ ಅದನ್ನು ನೋಡದೆ ನಡೆದು ಬಂದು, ಮಾಸ್ಟ್ರ ಎರಡೂ ಕೈಗಳನ್ನು ಹಿಡಿದುಕೊಂಡರು.

"ಮಾಸ್ಟ್ರೇ," ಎಂದರು. "ಹೇಳ್ಬೇಡಿ."